ಜ್ಞಾನಕಾಯಕದ ಗೃಹಸ್ಥ ಮಂಜೇಶ್ವರ ಗೋವಿಂದ ಪೈ

ಕಾಯಕವೆಂದೊಡನೆ ಭಕ್ತಜನರ ಮನಸ್ಸಿಗೆ ಮೊದಲು ತೋರುವುದು ಅಂಬಿಗರ ಚೌಡಯ್ಯನವರ ದೋಣಿ, ಮಡಿವಾಳ ಮಾಚಿದೇವರ ಮಡಿಯ ಗಂಟು, ನುಲಿಯ ಚಂದಯ್ಯನವರ ಹಗ್ಗ. ಅದು ಕೈಯಿಂದ ನಡೆದು ಕಣ್ಣಿಗೆ ಕಾಣುವ ದುಡಿಮೆ. ಓಲೆಯ ಕಟ್ಟನ್ನು ಬಿಚ್ಚಿ, ಸವೆದ ಅಕ್ಷರಗಳನ್ನು ಕೂಡಿಸಿ ಓದಿ, ಶಾಸನವೊಂದರ ತಿಥಿವಾರಗಳನ್ನು ಗಣಿತದಿಂದ ಒರೆಗೆ ಹಚ್ಚಿ, ಬಹುಕಾಲದ ಬಳಿಕ ನಾಲ್ಕು ಪುಟಗಳ ಲೇಖನವೊಂದನ್ನು ಬರೆಯುವವನ ದುಡಿಮೆ ಅಷ್ಟು ಸುಲಭವಾಗಿ ಯಾರ ಕಣ್ಣಿಗೂ ಬೀಳದು. ಆದರೂ ಅದು ಕಾಯಕವೇ ಸರಿ. ಪಡುವಣ ಕಡಲ ತಡಿಯಲ್ಲಿ, ಸಂಬಳವಿಲ್ಲದೆ, ಪದವಿಯಿಲ್ಲದೆ, ಯಾವ ವಿದ್ಯಾಪೀಠದ ಆಶ್ರಯವೂ ಇಲ್ಲದೆ ಅರ್ಧ ಶತಮಾನಕ್ಕೂ ಮಿಗಿಲಾಗಿ ಆ ಕಾಯಕವನ್ನು ನಡೆಸಿದ ಗೃಹಸ್ಥರೊಬ್ಬರಿದ್ದರು. ಅವರು ಹುಟ್ಟಿನಿಂದ ಶರಣಪಂಥದವರಲ್ಲ. ಗೌಡ ಸಾರಸ್ವತ ಕುಲದ ವೈಷ್ಣವ ಮನೆತನದವರು. ಆದರೆ ಅವರ ಬಾಳನ್ನು ನೋಡುವಾಗ ಕಾಯಕ, ದಾಸೋಹ ಎಂಬ ಎರಡು ಮಾತುಗಳು ತಾವಾಗಿಯೇ ನೆನಪಿಗೆ ಬರುತ್ತವೆ.

ಮಂಜೇಶ್ವರ ಗೋವಿಂದ ಪೈ ಅವರು 1883ನೆಯ ಇಸವಿ ಮಾರ್ಚ್ 23ರಂದು ಮಂಜೇಶ್ವರದ ಅಜ್ಜನ ಮನೆಯಲ್ಲಿ, ಅಂದರೆ ತಾಯಿಯ ತವರಿನಲ್ಲಿ ಜನಿಸಿದರು. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮಂಜೇಶ್ವರವು ಹಿಂದಿನಿಂದಲೂ ಹಲವು ಮತಗಳು ಒಂದೆಡೆ ನೆಲೆಸಿದ ಊರು. ಅನಂತೇಶ್ವರನ ದೇವಾಲಯ ಅಲ್ಲಿದೆ, ಜೈನರ ಬಸದಿಗಳಿವೆ, ಮಸೀದಿ, ಇಗರ್ಜಿಗಳಿವೆ. ಮನೆಯೊಳಗೆ ಕೊಂಕಣಿ, ಅಂಗಳದಾಚೆ ತುಳು, ಶಾಲೆಯಲ್ಲಿ ಕನ್ನಡ, ತೆಂಕಣ ದಾರಿಯಲ್ಲಿ ಮಲಯಾಳ. ಇಂತಹ ನೆಲದಲ್ಲಿ ಬೆಳೆದ ಬಾಲಕನಿಗೆ ಭಾಷೆಯೊಂದು ಗೋಡೆಯಾಗಿ ತೋರದೆ ಬಾಗಿಲಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಮಂಗಳೂರಿನಲ್ಲಿ ಓದುವಾಗ ಪಂಜೆ ಮಂಗೇಶರಾಯರು ಅವರಿಗೆ ಗುರುಗಳಾಗಿ ದೊರೆತರು. ಮಕ್ಕಳ ನಾಲಗೆಗೆ ಕನ್ನಡದ ಸವಿಯನ್ನು ಹಚ್ಚಿದ ಆ ಗುರುವಿನ ಕೈಯಲ್ಲಿ ಪಳಗಿದ್ದು ಶಿಷ್ಯನ ಭಾಗ್ಯ.

ಮುಂದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಹೋದರು. ಬಿ.ಎ. ಪರೀಕ್ಷೆ ನಡೆಯುತ್ತಿರುವಾಗಲೇ ತಂದೆಯವರ ಅಸ್ವಾಸ್ಥ್ಯದ ಸುದ್ದಿ ಬಂದು ಊರಿಗೆ ಧಾವಿಸಬೇಕಾಯಿತು. ಬರೆದು ಮುಗಿಸಿದ್ದ ಇಂಗ್ಲಿಷಿನಲ್ಲಿ ಅವರಿಗೆ ಚಿನ್ನದ ಪದಕ ಬಂದಿತು, ಪದವಿ ಬರಲಿಲ್ಲ. ತಂದೆಯವರು ತೀರಿಕೊಂಡ ಮೇಲೆ ಮನೆತನದ ಭಾರ ಹಿರಿಯ ಮಗನ ಹೆಗಲಿಗೆ ಬಿದ್ದಿತು. ಮತ್ತೆ ಮದರಾಸಿಗೆ ಹೋಗಿ ಉಳಿದ ಪರೀಕ್ಷೆಯನ್ನು ಮುಗಿಸುವ ಯೋಚನೆಯನ್ನು ಅವರು ಮಾಡಲಿಲ್ಲ. ಪದವಿಯೊಂದನ್ನು ಪಡೆದಿದ್ದರೆ ಅವರು ಯಾವುದೋ ಕಚೇರಿಯ ದೊಡ್ಡ ಅಧಿಕಾರಿಯಾಗಿ ನಿವೃತ್ತರಾಗುತ್ತಿದ್ದರೇನೋ. ಪದವಿ ತಪ್ಪಿದ್ದರಿಂದ ಮಂಜೇಶ್ವರದ ಆ ಮನೆಯೇ ಅವರಿಗೆ ವಿದ್ಯಾಪೀಠವಾಯಿತು.

ಅಲ್ಲಿ ಅವರು ಕಲಿತ ಭಾಷೆಗಳು ಇಪ್ಪತ್ತಕ್ಕೂ ಹೆಚ್ಚು. ಸಂಸ್ಕೃತ, ಪಾಲಿ, ಪ್ರಾಕೃತ, ಬಂಗಾಲಿ, ಪಾರಸಿ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್ ಮೊದಲಾದವುಗಳಲ್ಲಿ ಅವರಿಗೆ ಪ್ರವೇಶವಿದ್ದಿತು. ಬಹುಭಾಷಾಜ್ಞಾನವು ಪಂಡಿತರಲ್ಲಿ ಒಮ್ಮೊಮ್ಮೆ ಪ್ರದರ್ಶನದ ವಸ್ತುವಾಗುವುದುಂಟು. ಪೈಗಳಿಗೆ ಅದು ಸಾಧನ ಮಾತ್ರವಾಗಿತ್ತು. ಬುದ್ಧನನ್ನು ತಿಳಿಯಬೇಕಾದರೆ ಪಾಲಿಯಲ್ಲಿ ಓದಬೇಕು, ಜಿನನನ್ನು ತಿಳಿಯಬೇಕಾದರೆ ಪ್ರಾಕೃತದಲ್ಲಿ ಓದಬೇಕು, ಬೇರೆಯವರ ಅನುವಾದವನ್ನು ನಂಬಿ ತೀರ್ಪು ಹೇಳಲಾಗದು ಎಂಬ ನಿಷ್ಠೆ ಅವರನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಕರೆದೊಯ್ದಿತು. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದವರೂ ಅವರೇ.

ಕಾವ್ಯಕ್ಷೇತ್ರದಲ್ಲಿ ಅವರು ಮಾಡಿದ ಒಂದು ಕಾರ್ಯವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಕನ್ನಡ ಪದ್ಯದ ಪ್ರತಿಯೊಂದು ಸಾಲಿನ ಎರಡನೆಯ ಅಕ್ಷರವು ಒಂದೇ ಆಗಿರಬೇಕೆಂಬ ಪ್ರಾಸದ ನಿಯಮವು ಶತಮಾನಗಳಿಂದ ಕವಿಗಳನ್ನು ಕಟ್ಟಿಹಾಕಿತ್ತು. 1911ರಲ್ಲಿ ಗೋವಿಂದ ಪೈಗಳು ಆ ನಿಯಮವನ್ನು ಕೈಬಿಟ್ಟು ಬರೆದರು. ಹಳೆಯ ವಿದ್ವಾಂಸರು ಸಿಟ್ಟಾದರು. ಪ್ರಾಸವಿಲ್ಲದ ಪದ್ಯವನ್ನು ಅಂಗಹೀನವೆಂದು ಬಗೆದವರೂ ಇದ್ದರು. ವಚನವನ್ನು ದಿನನಿತ್ಯ ಓದುವವರಿಗೆ ಈ ಜಗಳ ತುಸು ವಿಚಿತ್ರವಾಗಿ ಕಾಣಬಹುದು. ಹನ್ನೆರಡನೆಯ ಶತಮಾನದ ಶರಣರು ಪ್ರಾಸವನ್ನೇನು, ಛಂದಸ್ಸಿನ ಹಂಗನ್ನೇ ತೊರೆದು ನುಡಿದಿದ್ದರಲ್ಲವೆ! ಆದರೆ 1911ರಲ್ಲಿ ಆ ವಚನರಾಶಿಯ ಬಹುಪಾಲು ಇನ್ನೂ ಅಚ್ಚಿನ ಮೊಗವನ್ನು ಕಂಡಿರಲಿಲ್ಲ. ಮಠಗಳ ಮಾಡಿನಲ್ಲಿ, ಗೃಹಸ್ಥರ ಜಗಲಿಯಲ್ಲಿ ಓಲೆಗರಿಯ ಕಟ್ಟುಗಳಾಗಿ ಮಲಗಿತ್ತು.

ಈ ಮಾತು ಬಂದಾಗ ಪೈಗಳಿಗಿಂತ ಮೂರು ವರ್ಷ ಹಿರಿಯರಾದ ಇನ್ನೊಬ್ಬ ಮಹನೀಯರನ್ನು ಸ್ಮರಿಸುವುದು ಕರ್ತವ್ಯ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ವಿಜ್ಞಾನವನ್ನೂ ಕಾನೂನನ್ನೂ ಓದಿ, ವಿಜಾಪುರದಲ್ಲಿ ವಕೀಲರಾಗಿ ನೆಲೆಸಿದವರು. ಅಲ್ಲಿ 1910ರಲ್ಲಿ ಲಿಂಗಾಯತ ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಿದರು. ಭಕ್ತರು ಗಂಧಾಕ್ಷತೆಯಿಟ್ಟು ಪೂಜಿಸುತ್ತಿದ್ದ, ಆದರೆ ಬಿಚ್ಚಿ ಓದುವವರು ವಿರಳವಾಗಿದ್ದ ಓಲೆಕಟ್ಟುಗಳನ್ನು ಅವರು ಊರೂರು ಅಲೆದು ಕೂಡಿಸಿದರು. ಅವರು ಸಂಪಾದಿಸಿದ ವಚನಶಾಸ್ತ್ರಸಾರದ ಹಸ್ತಪ್ರತಿಯು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಹೋಗಿ ಅಚ್ಚಾಗದೆ ಮರಳಿತು. ಕಡೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅದರ ಮೊದಲನೆಯ ಭಾಗ ಹೊರಬಂದಿತು. ಇನ್ನೊಬ್ಬರ ಅಚ್ಚಿನ ಮನೆಯನ್ನು ನಂಬಿ ಕುಳಿತರೆ ಕೆಲಸ ಸಾಗದೆಂದು ಅವರು ಇದ್ದ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, ಮರುವರ್ಷ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಇಂದು ನಮ್ಮ ಮನೆಗಳಲ್ಲಿ ವಚನದ ಪುಸ್ತಕವಿದ್ದರೆ ಅದರ ಹಿಂದೆ ಆ ಮಾರಿದ ಮನೆಯಿದೆ.

ವಿಜಾಪುರದ ಬಯಲಿಗೂ ಮಂಜೇಶ್ವರದ ಕಡಲ ತಡಿಗೂ ಬಹು ದೂರ. ಒಬ್ಬರು ಶರಣರ ನುಡಿಯನ್ನೇ ಉಸಿರಾಗಿಸಿಕೊಂಡರು. ಇನ್ನೊಬ್ಬರ ಆಸಕ್ತಿಗೆ ಮತದ ಎಲ್ಲೆಯೇ ಇರಲಿಲ್ಲ. ಒಬ್ಬರು ಬಡತನದಲ್ಲಿ ದುಡಿದರು, ಇನ್ನೊಬ್ಬರು ಅನುಕೂಲಸ್ಥರು. ಈ ಭೇದವನ್ನು ಮರೆಮಾಚಬೇಕಾಗಿಲ್ಲ. ಅನ್ನದ ಚಿಂತೆಯಿಲ್ಲದವನಿಗೆ ಸಂಶೋಧನೆ ಸುಲಭವೆಂದು ಹೇಳುವವರು ಹೇಳಲಿ. ಅನ್ನದ ಚಿಂತೆಯಿಲ್ಲದ ಸಾಹುಕಾರರು ಕರಾವಳಿಯಲ್ಲಿ ಅನೇಕರಿದ್ದರು, ಗೋವಿಂದ ಪೈ ಒಬ್ಬರೇ ಆದರು.

ಅವರ ಸಂಶೋಧನೆಯ ರೀತಿಯನ್ನು ತಿಳಿಯಲು ಗೊಮ್ಮಟನ ಕಾಲನಿರ್ಣಯಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಸಿಗದು. ಉಡುಪಿಯಿಂದ ಮೂಡಣಕ್ಕೆ, ಘಟ್ಟದ ಬುಡದಲ್ಲಿರುವ ಕಾರ್ಕಳದ ಬಂಡೆಗುಡ್ಡದ ಮೇಲೆ ಸುಮಾರು 42 ಅಡಿ ಎತ್ತರದ ಬಾಹುಬಲಿಯ ವಿಗ್ರಹ ನಿಂತಿದೆ. ಅದನ್ನು ನಿಲ್ಲಿಸಿದವನು ಭೈರರಸರ ವಂಶದ ವೀರಪಾಂಡ್ಯ. ಯಾವಾಗ ಎಂಬುದಕ್ಕೆ ಜಗಳವೇ ಇಲ್ಲ. ಶಕವರ್ಷ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ ಎಂದು ಅಲ್ಲಿಯ ಶಾಸನವೇ ಹೇಳುತ್ತದೆ. ಕ್ರಿಸ್ತಶಕಕ್ಕೆ ತಿರುಗಿಸಿದರೆ ಅದು 1432ನೆಯ ಇಸವಿ ಫೆಬ್ರವರಿ 13. ಗಣಿತ ಮಾಡಿ ನೋಡಿದರೆ ಆ ದಿನ ಬುಧವಾರವೇ ಬರುತ್ತದೆ, ಕಲ್ಲು ಸುಳ್ಳಾಡಿಲ್ಲ.

ಕಾರ್ಕಳದ ವಿಗ್ರಹಕ್ಕೆ ಮೇಲ್ಪಂಕ್ತಿಯಾದ ಶ್ರವಣಬೆಳಗೊಳದ ಮಹಾಮೂರ್ತಿಯ ಸಂಗತಿ ಹಾಗಲ್ಲ. ಅದರ ಪಾದದ ಬಳಿಯ ಬರಹಗಳು ಮಾಡಿಸಿದವನು ಚಾವುಂಡರಾಯನೆಂದು ಹೇಳಿ ಸುಮ್ಮನಾಗುತ್ತವೆ. ದಿನವಿಲ್ಲ, ವರ್ಷವಿಲ್ಲ. ಬಹುಕಾಲದ ಬಳಿಕ ಹುಟ್ಟಿದ ಬಾಹುಬಲಿಚರಿತವೆಂಬ ಸಂಸ್ಕೃತ ಗ್ರಂಥದಲ್ಲಿ ಮಾತ್ರ ಪ್ರತಿಷ್ಠೆಯ ದಿನದ ವಿವರವಿದೆ: ಕಲ್ಕಿಶಕದ ಆರುನೂರನೆಯದಾದ ವಿಭವ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಭಾನುವಾರ, ಮೃಗಶಿರಾ ನಕ್ಷತ್ರ, ಕುಂಭಲಗ್ನ. ವಿವರ ಇಷ್ಟು ತುಂಬಾ ಇದ್ದರೂ ತೊಡಕು ಬಿಡಲಿಲ್ಲ. ಸಂವತ್ಸರದ ಹೆಸರು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಕಲ್ಕಿಶಕದ ಆರಂಭವೇ ವಿವಾದದ ವಿಷಯ. ವಿಭವವೆಂಬ ಹೆಸರನ್ನೇ ಗಟ್ಟಿಯಾಗಿ ಹಿಡಿದ ಆರ್. ಶಾಮಶಾಸ್ತ್ರಿಗಳಂತಹ ಹಿರಿಯ ವಿದ್ವಾಂಸರು 1028ನೆಯ ಇಸವಿ ಮಾರ್ಚ್ 3ಕ್ಕೆ ಬಂದು ನಿಂತರು. ಅಂದೂ ಭಾನುವಾರವೇ.

ಗಣಿತವೊಂದನ್ನೇ ನಂಬಿದರೆ ದಾರಿ ತಪ್ಪುವುದು ಇಲ್ಲಿಯೇ. ಇತಿಹಾಸದ ಬೇಲಿಯನ್ನೂ ನೋಡಬೇಕು. ಚಾವುಂಡರಾಯನು ತಾನೇ ಬರೆದ ಪುರಾಣವು 978ರದ್ದು. ಅದರಲ್ಲಿ ಇಂತಹ ಮಹಾಕಾರ್ಯದ ಸುಳಿವಿಲ್ಲ. ಮಾಡಿ ಮುಗಿಸಿದ್ದರೆ ಬರೆಯದೆ ಬಿಡುತ್ತಿದ್ದನೆ? 993ರಲ್ಲಿ ಮುಗಿದ ರನ್ನನ ಅಜಿತಪುರಾಣದಲ್ಲಿ ಗೊಮ್ಮಟನ ಪ್ರಸ್ತಾಪವಿದೆ. ಆದುದರಿಂದ ಮೂರ್ತಿಯು ಈ ಎರಡು ವರ್ಷಗಳ ನಡುವೆ ನಿಂತಿರಬೇಕು. 1028 ಎಂಬುದು ಆ ಬೇಲಿಯ ಹೊರಗೆ ಬೀಳುತ್ತದೆ. ಬೇಲಿಯ ಒಳಗಿನ ವರ್ಷಗಳನ್ನು ಒಂದೊಂದಾಗಿ ಶೋಧಿಸಿದಾಗ ಗೋವಿಂದ ಪೈಗಳಿಗೆ ಒಪ್ಪಿಗೆಯಾದ ದಿನ 981ನೆಯ ಇಸವಿ ಮಾರ್ಚ್ 13. ಅಂದು ಭಾನುವಾರ. ಸಂವತ್ಸರದ ಹೆಸರು ಸಾಮಾನ್ಯ ಎಣಿಕೆಯಂತೆ ಆ ವರ್ಷಕ್ಕೆ ಹೊಂದುವುದಿಲ್ಲವೆಂಬ ಆಕ್ಷೇಪ ಉಳಿಯಿತು. ಬೇರೆ ವರ್ಷಗಳನ್ನು ಸೂಚಿಸಿದವರೂ ಇದ್ದಾರೆ. ಆದರೂ ವಿದ್ವಜ್ಜನರಲ್ಲಿಯೂ ಶ್ರಾವಕರಲ್ಲಿಯೂ ಹೆಚ್ಚಾಗಿ ನೆಲೆನಿಂತದ್ದು 981. ಮೂರ್ತಿಗೆ ಸಾವಿರ ವರ್ಷ ತುಂಬಿತೆಂದು 1981ರಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ಆ ಎಣಿಕೆಯ ಹಿಂದೆ ಮಂಜೇಶ್ವರದ ಮನೆಯೊಂದರ ದೀಪದ ಬೆಳಕೂ ಇದ್ದಿತು.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಅರಿಯದ ಭಕ್ತರಿಲ್ಲ. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ; ತಂದಲ್ಲಿಯೇ ಸುರಿದು ಬರುವಂತೆ ಮಾಡಿದರು. ಸಂಶೋಧಕನ ಅಂಗಳದಲ್ಲಿಯೂ ಹೀಗೆಯೇ ಕಾಳು ಚೆಲ್ಲಿರುತ್ತದೆ. ಆಧಾರವು ಕೊಡುವುದಕ್ಕಿಂತ ಹಿಡಿಯಷ್ಟು ಹೆಚ್ಚು ಬಾಚಿಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ. ತಮ್ಮ ಮತವು ಇನ್ನಷ್ಟು ಹಳೆಯದೆಂದು, ತಮ್ಮ ಊರು ಇನ್ನಷ್ಟು ದೊಡ್ಡದೆಂದು, ತಮ್ಮ ಕುಲಪುರುಷರು ಇನ್ನಷ್ಟು ಪ್ರಾಚೀನರೆಂದು ಬರೆಯುವ ಆಸೆ ಅದು. ಮಠಗಳ ಪುಸ್ತಕಗಳೂ ಈ ಆಸೆಯಿಂದ ಪೂರ್ತಿಯಾಗಿ ಮುಕ್ತವಾಗಿಲ್ಲವೆಂಬುದನ್ನು ಒಪ್ಪಿಕೊಳ್ಳುವುದು ಒಳಿತು. ಬಸವಣ್ಣನವರ ವಂಶದ ಮಾತನ್ನು ಹೇಳುವ, 1260ನೆಯ ಇಸವಿಯ ಅರ್ಜುನವಾಡದ ಶಾಸನವೊಂದು ಹುಕ್ಕೇರಿಯ ಸೀಮೆಯಲ್ಲಿ ದೊರೆತಾಗ, ನೂರು ಪವಾಡಕಥೆಗಳು ಕೊಡಲಾರದ ಬಲವನ್ನು ಆ ಒಂದು ಕಲ್ಲು ಶರಣಚರಿತೆಗೆ ಕೊಟ್ಟಿತು. ಕಾಲವನ್ನು ಕೇಳುವುದು ಭಕ್ತಿಗೆ ಕುಂದೆಂದು ಹೆದರುವವರು ಈ ಕಲ್ಲನ್ನು ನೆನೆಯಬಹುದು.

ಗೋವಿಂದ ಪೈಗಳ ಮೇಲೆಯೂ ಒಂದು ಆಕ್ಷೇಪವಿದೆ. ಪದಗಳ ವ್ಯುತ್ಪತ್ತಿಯನ್ನೂ ಸ್ಥಳನಾಮಗಳ ಮೂಲವನ್ನೂ ಹುಡುಕುವಾಗ ಅವರ ಊಹೆ ಕೆಲವೆಡೆ ಆಧಾರಕ್ಕಿಂತ ಮುಂದೆ ಓಡುತ್ತದೆ. ಈಜಿಪ್ತದ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಗ್ರೀಕ್ ಪ್ರಹಸನದ ಸಂಗತಿ ಇದಕ್ಕೆ ನಿದರ್ಶನ. ಕ್ರಿಸ್ತಶಕ ಎರಡನೆಯ ಶತಮಾನದ ಆ ಜೊಂಡಿನ ಹಾಳೆ 1903ರಲ್ಲಿ ಪ್ರಕಟವಾಯಿತು. ಭಾರತದ ಕಡಲತೀರದ ಅರಸನೊಬ್ಬನ ಸೆರೆಯಲ್ಲಿದ್ದ ಗ್ರೀಕ್ ತರುಣಿಯನ್ನು ಅವಳ ಅಣ್ಣ ಬಂದು, ಅರಸನಿಗೆ ಮದ್ಯ ಕುಡಿಸಿ, ಬಿಡಿಸಿಕೊಂಡು ಹೋಗುವ ಕಥೆ ಅದರಲ್ಲಿದೆ. ಅರಸನೂ ಅವನ ಕಡೆಯವರೂ ಆಡುವ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು ಜರ್ಮನಿಯ ಹುಲ್ಶ್ ಎಂಬ ಶಾಸನತಜ್ಞರು 1904ರಲ್ಲಿ ಸೂಚಿಸಿದರು. ಶಾಮಶಾಸ್ತ್ರಿಗಳೂ ಪೈಗಳೂ ಆ ಮಾತುಗಳನ್ನು ಕನ್ನಡವೆಂದು ಬಿಡಿಸಲು ಬಹು ಪ್ರಯಾಸಪಟ್ಟರು; ಕಥೆ ನಡೆದ ಸ್ಥಳವನ್ನು ಉಡುಪಿಯ ಬಳಿಯ ಮಲ್ಪೆ, ಉದ್ಯಾವರಗಳ ತೀರದಲ್ಲಿ ಹುಡುಕಿದ ವಿದ್ವಾಂಸರೂ ಉಂಟು. ಬಾರ್ನೆಟ್ ಎಂಬ ಆಂಗ್ಲ ಪಂಡಿತರು ಇದನ್ನು ಒಪ್ಪಲಿಲ್ಲ; ಅದು ತುಳುವೆಂದು ಮುಂದೆ ವಾದಿಸಿದವರೂ ಬಂದರು. ಪ್ರಶ್ನೆ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ. ಲಕ್ಕಮ್ಮನವರಿದ್ದರೆ ಇಲ್ಲಿ ಕೆಲವು ಕಾಳುಗಳನ್ನು ಹಿಂದಕ್ಕೆ ಕಳುಹಿಸುತ್ತಿದ್ದರೆಂದು ತೋರುತ್ತದೆ.

ಮತಗಳ ವಿಷಯದಲ್ಲಿ ಅವರ ನಡೆ ಅನನ್ಯವಾದುದು. ವೈಷ್ಣವ ಮನೆಯಲ್ಲಿ ಹುಟ್ಟಿದ ಅವರು ಬಾಹುಬಲಿಯ ಚರಿತೆಯನ್ನು ಬರೆದರು. ಏಸುವಿನ ಕೊನೆಯ ದಿನವನ್ನು ಗೊಲ್ಗೊಥಾ ಎಂಬ ಖಂಡಕಾವ್ಯದಲ್ಲಿಯೂ ಬುದ್ಧನ ಕೊನೆಯ ದಿನವನ್ನು ವೈಶಾಖಿಯಲ್ಲಿಯೂ ಹಾಡಿದರು. ಗುರುವಿಗೆ ಹೆಬ್ಬೆರಳನ್ನು ಕೊಯ್ದುಕೊಟ್ಟ ಬೇಡರ ಹುಡುಗ ಏಕಲವ್ಯನನ್ನು ಹೆಬ್ಬೆರಳು ಎಂಬ ನಾಟಕದಲ್ಲಿ ಮರಳಿ ಕರೆತಂದರು. ಪರಮತದ ಮಹಾಪುರುಷನನ್ನು ದೂರದಿಂದ ಕೈಮುಗಿದು ಬಿಡುವುದು ಸುಲಭ. ಅವನ ಊರಿನ ಭಾಷೆಯನ್ನು ಕಲಿತು, ಅವನ ಶಿಷ್ಯರು ಬರೆದುದನ್ನು ಓದಿ, ಅವನ ಮರಣದ ಹೊತ್ತಿನಲ್ಲಿ ಅವನ ಬಳಿ ನಿಲ್ಲುವುದು ಬೇರೆಯೇ ಮಾತು.

1949ರಲ್ಲಿ ಮದರಾಸು ಸರಕಾರವು ಅವರಿಗೆ ರಾಷ್ಟ್ರಕವಿ ಎಂಬ ಬಿರುದನ್ನಿತ್ತಿತು. 1951ರಲ್ಲಿ ಮುಂಬಯಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇಷ್ಟು ಗೌರವ ಬಂದರೂ ಅವರು ಮಂಜೇಶ್ವರವನ್ನು ಬಿಟ್ಟು ಕದಲಲಿಲ್ಲ. ಊರೇ ಅವರನ್ನು ಬಿಟ್ಟು ಕದಲಿತೆನ್ನಬೇಕು. 1956ನೆಯ ನವೆಂಬರ್ 1ರಂದು ರಾಜ್ಯಗಳ ಪುನರ್ರಚನೆಯಾದಾಗ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿ, ಕನ್ನಡದ ರಾಷ್ಟ್ರಕವಿಯ ಮನೆ ಕನ್ನಡನಾಡಿನ ಗಡಿಯ ಹೊರಗೆ ಉಳಿಯಿತು. ಎಪ್ಪತ್ತಮೂರು ವಯಸ್ಸಿನ ಆ ವೃದ್ಧರಿಗೆ ಇದು ದೊಡ್ಡ ನೋವು. ಅದೇ ನೋವಿನಲ್ಲಿ ಏಳು ವರ್ಷ ಬಾಳಿ, 1963ನೆಯ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡರು. ಹತ್ತು ತಿಂಗಳು ತುಂಬುವ ಮೊದಲೇ, 1964ರ ಜೂನ್ ತಿಂಗಳಲ್ಲಿ, ಹಳಕಟ್ಟಿಯವರು ವಿಜಾಪುರದಲ್ಲಿ ಲಿಂಗೈಕ್ಯರಾದರು.

ಪಂಡಿತನು ಹೋದ ಬಳಿಕ ಅವನ ಪುಸ್ತಕಗಳಿಗೆ ಒದಗುವ ಗತಿ ಎಲ್ಲರಿಗೂ ತಿಳಿದುದೇ. ಮಕ್ಕಳು ಹಂಚಿಕೊಳ್ಳುತ್ತಾರೆ, ಇಲ್ಲವೆ ಗೆದ್ದಲು ಹಂಚಿಕೊಳ್ಳುತ್ತದೆ. ಓಲೆಗರಿಗಳ ವಿಷಯದಲ್ಲಿ ನಮ್ಮವರು ಈ ನಷ್ಟವನ್ನು ಬೇಕಾದಷ್ಟು ಅನುಭವಿಸಿದ್ದಾರೆ. ಪೈಗಳ ಗ್ರಂಥಭಂಡಾರಕ್ಕೆ ಆ ಗತಿ ಬರಲಿಲ್ಲ. ಮಂಗಳೂರನ್ನು ದಾಟಿ, ಕಾಪುವಿನ ದೀಪಸ್ತಂಭವನ್ನು ಎಡಕ್ಕೆ ಬಿಟ್ಟು ಬಡಗಣಕ್ಕೆ ಸಾಗುವ ಕರಾವಳಿಯ ಹಾದಿಯಲ್ಲಿ ಉಡುಪಿ ಸಿಗುತ್ತದೆ. ಅಲ್ಲಿ ಮಣಿಪಾಲದ ಡಾಕ್ಟರ್ ಟಿ.ಎಂ.ಎ. ಪೈಗಳ ಮುಂದಾಳುತನದಲ್ಲಿ 1949ರಲ್ಲಿ ಸ್ಥಾಪಿತವಾದ ಮಹಾತ್ಮಾ ಗಾಂಧೀ ಸ್ಮಾರಕ ಕಾಲೇಜು ಆ ಪುಸ್ತಕಗಳಿಗೆ ಆಶ್ರಯವಿತ್ತಿತು. ಬಾಳಿನುದ್ದಕ್ಕೂ ಒಬ್ಬರು ಕೂಡಿಸಿದ ಗ್ರಂಥರಾಶಿ ಹೀಗೆ ಎಲ್ಲರ ಸೊತ್ತಾಯಿತು. ದಾಸೋಹದ ಅನ್ನದಂತೆ ಹಸಿದವನು ಯಾರಾದರೂ ಬಂದು ಉಣ್ಣುವಂತಾಯಿತು. ಅದರ ಸುತ್ತ ಬೆಳೆದುದೇ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ. ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಅದನ್ನು ಕಟ್ಟಿ ಬೆಳೆಸುವಲ್ಲಿ ಅಗ್ರಗಣ್ಯರು.

ಮೂಡಣದ ಮಣಿಪಾಲದ ಗುಡ್ಡದ ಮೇಲೆ 1953ರಲ್ಲಿ ವೈದ್ಯ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ತಲೆಯೆತ್ತಿದುವು. ಗುಡ್ಡದ ಕೆಳಗಣ ಉಡುಪಿಯಲ್ಲಿ ಪಾಡ್ದನ, ಯಕ್ಷಗಾನ, ಭೂತಾರಾಧನೆ, ಜನರ ನಾಲಗೆಯ ಮೇಲಿನ ತುಳು, ಇವು ಅಧ್ಯಯನದ ವಸ್ತುಗಳಾದುವು. ಯಂತ್ರವನ್ನು ಅರಿಯುವ ವಿದ್ಯೆಗೂ ಪಾಡ್ದನವನ್ನು ಅರಿಯುವ ವಿದ್ಯೆಗೂ ಮೇಲುಕೀಳಿನ ಲೆಕ್ಕ ಹಾಕುವವರು ಇಂದು ಹೆಚ್ಚಾಗಿದ್ದಾರೆ. ಅತ್ತ ವಿಜಾಪುರದಲ್ಲಿ ವಚನಗಳನ್ನು ಉಳಿಸಿದ ಹಳಕಟ್ಟಿಯವರ ಹೆಸರನ್ನು ಎಂಜಿನಿಯರಿಂಗ್ ಕಾಲೇಜೊಂದು ಹೊತ್ತಿದೆ. ಅವರ ಸಮಗ್ರ ಕೃತಿಗಳನ್ನು ಹೊರತಂದ ಸಂಶೋಧನ ಕೇಂದ್ರವೂ ಅದೇ ವಿದ್ಯಾಸಂಸ್ಥೆಯದು.

ಉಡುಪಿಯ ಕೇಂದ್ರವು ಕೈಗೊಂಡ ಕಾರ್ಯಗಳಲ್ಲಿ ಹಿರಿದಾದುದು ತುಳು ನಿಘಂಟು. 1979ರಲ್ಲಿ ಆರಂಭವಾದ ಆ ಕೆಲಸಕ್ಕೆ ಡಾಕ್ಟರ್ ಯು.ಪಿ. ಉಪಾಧ್ಯಾಯರು ಸಂಪಾದಕರು. ಬರಹದಲ್ಲಿ ಕಡಿಮೆ, ಬಾಯಲ್ಲಿ ಹೆಚ್ಚು ಬಾಳಿದ ಭಾಷೆ ತುಳು. ಅದರ ಶಬ್ದಗಳನ್ನು ಪುಸ್ತಕದಿಂದ ಎತ್ತಿಕೊಂಡರೆ ಸಾಲದು. ಗದ್ದೆಗೆ, ದೋಣಿಗೆ, ದೈವದ ಸ್ಥಾನಕ್ಕೆ ಹೋಗಿ ಕೇಳಬೇಕು. ಒಂದು ವಸ್ತುವಿಗೆ ಒಂದೊಂದು ಊರಿನಲ್ಲಿ, ಒಂದೊಂದು ಜಾತಿಯಲ್ಲಿ ಇರುವ ಹೆಸರನ್ನು ಬೇರೆ ಬೇರೆಯಾಗಿ ಬರೆದಿಡಬೇಕು. ನೆಲ ಉಳುವವಳ ಮಾತಿಗೂ ಪಂಡಿತನ ಮಾತಿಗೂ ಅಲ್ಲಿ ಒಂದೇ ಪಂಕ್ತಿ. ಅದರ ಮೊದಲನೆಯ ಸಂಪುಟ 1988ರಲ್ಲಿ ಹೊರಬಂದಿತು. ಆರನೆಯ, ಕೊನೆಯ ಸಂಪುಟ 1997ರಲ್ಲಿ.